ಮೈಕಮ್ಮನ ಎರಡನೇ ದನಿ

ಬೆಳಿಗ್ಗೆ ಎದ್ದ ಕೂಡಲೇ ಮೈಕಮ್ಮ ಮಾಡುತ್ತಿದ್ದ ಮೊದಲ ಕೆಲಸ ಒಂದು, ಎರಡು, ಮೂರು ಎಣಿಸುವುದು. ಹಾಸಿಗೆಯ ಅಂಚಿನಲ್ಲಿ ಕೂತು, ಪಕ್ಕದಲ್ಲಿ ಮಲಗಿದ್ದ ಗಂಡನಿಗೆ ಎಚ್ಚರವಾಗದ ಹಾಗೆ, ಸಣ್ಣಗೆ ಎಣಿಸುತ್ತಿದ್ದಳು. ಇವತ್ತಾದರೂ ದನಿ ಮೊದಲಿನ ಜಾಗಕ್ಕೆ ಬಂದಿದೆಯೋ ಎಂದು ನೋಡುವುದಕ್ಕೆ. ಬಂದಿರುತ್ತಿರಲಿಲ್ಲ. ‘ಒಂದು’ ಹೇಗೋ ಹೊರಡುತ್ತಿತ್ತು, ‘ಎರಡು’ ಎನ್ನುವಷ್ಟರಲ್ಲಿ ಒಡೆಯುತ್ತಿತ್ತು, ‘ಮೂರು’ ಬಾವಿಯ ತಳದಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಮಕ್ಕಳ ಹಣೆ ಮುಟ್ಟಿ ಮುಟ್ಟಿ ಜ್ವರ ಹುಡುಕುವ ತಾಯಂದಿರಿದ್ದಾರಲ್ಲ, ಹಣೆ ತಣ್ಣಗಿದ್ದರೂ ಕೈ ತೆಗೆಯಲು ಧೈರ್ಯ ಬರದವರು, ಹಾಗಿತ್ತು ಅವಳ ಪಾಡು. ಹಗಲೆಲ್ಲ ಕೈ ಗಂಟಲಿನ ಮೇಲೇ.

ಐವತ್ತು ದಾಟಿದ ಮೇಲೆ ಮಂಡಿ ನೋಯುತ್ತದೆ, ಕಣ್ಣು ಮಂಜಾಗುತ್ತದೆ, ಕೂದಲು ಬಾಚಣಿಗೆಯ ಪಾಲಾಗುತ್ತದೆ. ಇದೂ ಅದರಲ್ಲೊಂದು ಎಂದು ಬೇರೆ ಯಾರಾದರೂ ಬಿಟ್ಟುಬಿಡುತ್ತಿದ್ದರೇನೋ. ಆದರೆ ಮಂಡಿಯಾಗಲಿ ಕೂದಲಾಗಲಿ ಅವಳಿಗೆ ಅನ್ನ ಹಾಕಿರಲಿಲ್ಲ. ಹಾಕಿದ್ದು ಗಂಟಲು.

ಊರಿನ ದೊಡ್ಡ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸಕ್ಕೆ ಸೇರಿದಾಗ ಅವಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಮೈಕ್ ರೂಮು ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಒಂದು ಮೇಜು, ಒಂದು ಫ್ಯಾನು, ಬಸ್ಸುಗಳ ಕಡೆಗೆ ಒಂದು ಗಾಜಿನ ಕಿಟಕಿ. ಮಾತಾಡುವಾಗ ಫ್ಯಾನು ಆರಿಸಬೇಕು, ಇಲ್ಲದಿದ್ದರೆ ನಿಲ್ದಾಣಕ್ಕೆಲ್ಲ ಬಿರುಗಾಳಿ ಬಂದ ಸದ್ದು. ಬೇಸಿಗೆಯಲ್ಲಿ ಒಂದು ಬಸ್ಸಿಗೂ ಇನ್ನೊಂದು ಬಸ್ಸಿಗೂ ನಡುವೆ ಎಷ್ಟು ಬಿಡುವೋ ಅಷ್ಟೇ ಅವಳ ಪಾಲಿನ ಗಾಳಿ. ಅಲ್ಲಿಂದ ಅವಳು ಬಸ್ಸುಗಳನ್ನು ಕಳಿಸಿದಳು, ಬರಮಾಡಿಕೊಂಡಳು, ಕಳೆದುಹೋದ ಮಕ್ಕಳನ್ನು ತಾಯಂದಿರಿಗೆ ಮುಟ್ಟಿಸಿದಳು. ಒಮ್ಮೆ ಒಬ್ಬರ ಹಲ್ಲಿನ ಸೆಟ್ಟು ಬೆಂಚಿನ ಮೇಲೆ ಸಿಕ್ಕಿತ್ತು. "ಕಳೆದುಕೊಂಡವರು ಬಂದು ಗುರುತು ಹೇಳಿ ಪಡೆದುಕೊಳ್ಳಬೇಕು" ಎಂದು ಅವಳು ಒಂಚೂರೂ ನಗದೆ ಹೇಳಿದ್ದಕ್ಕೆ ಡ್ರೈವರುಗಳೆಲ್ಲ ಕಿಟಕಿಗೆ ಬಂದು ಕೈ ಮುಗಿದು ಹೋಗಿದ್ದರು. ಮೈಕಮ್ಮ ಎಂಬ ಹೆಸರು ಇಟ್ಟವರೂ ಅವರೇ. ಮಗಳು ಆ ಮೇಜಿನ ಕೆಳಗೇ ಬಣ್ಣದ ಪೆನ್ಸಿಲು ಚೆಲ್ಲಿಕೊಂಡು ದೊಡ್ಡವಳಾದಳು. ಶಾಲೆಯಲ್ಲಿ ಮಗ್ಗಿ ಹೇಳು ಎಂದರೆ ಬಸ್ಸಿನ ಮಾರ್ಗ ಹೇಳುತ್ತಿದ್ದಳಂತೆ.

ಆಮೇಲೆ ಯಂತ್ರ ಬಂತು. ರೆಕಾರ್ಡಿಂಗಿನವನೊಬ್ಬ ಗೋಡೆಗೆಲ್ಲ ದಪ್ಪ ಕಂಬಳಿ ಕಟ್ಟಿದ ಕೋಣೆಯಲ್ಲಿ ಅವಳನ್ನು ಕೂರಿಸಿ, ಒಂದೊಂದೇ ಪದ ಹೇಳಿಸಿದ. ಅಂಕಿಗಳು ಬೇರೆ, ನಿಲ್ದಾಣಗಳು ಬೇರೆ, ‘ಹೊರಡಲಿದೆ’ ಬೇರೆ, ‘ತಡವಾಗಿ ಬರಲಿದೆ’ ಬೇರೆ. ಬೇಕಾದಾಗ ಬೇಕಾದದ್ದನ್ನು ಯಂತ್ರವೇ ಪೋಣಿಸಿಕೊಳ್ಳುತ್ತದೆ ಎಂದ. ಮೈಕಮ್ಮನನ್ನು ಮೈಕ್ ರೂಮಿನಿಂದ ಎಬ್ಬಿಸಿ ವಿಚಾರಣೆ ಕೌಂಟರಿನಲ್ಲಿ ಕೂರಿಸಿದರು. ಅಂದಿನಿಂದ ಅವಳ ತಲೆಯ ಮೇಲಿನ ಸ್ಪೀಕರಿನಲ್ಲಿ ಅವಳದೇ ದನಿ, ಬೆಳ್ಳಿ ಗೆಜ್ಜೆಯ ಹಾಗೆ, ದಿನವಿಡೀ. ಕೆಳಗೆ ಕೂತ ಇವಳಿಗೆ ವಯಸ್ಸಾಯಿತು, ಮೇಲಿನವಳಿಗೆ ಆಗಲಿಲ್ಲ. ಕೌಂಟರಿಗೆ ಬಂದವರು, "ಎಷ್ಟು ಚೆಂದ ಹೇಳ್ತಾಳೆ ಕಣ್ರೀ ಆ ಹುಡುಗಿ" ಎಂದರೆ ಇವಳು ತಲೆಯಾಡಿಸಿ, "ಹೌದು, ಒಳ್ಳೆ ಹುಡುಗಿ" ಎನ್ನುತ್ತಿದ್ದಳು. ಒಳಗೊಳಗೇ ಖುಷಿ.

ಮುಟ್ಟು ನಿಂತ ಮೇಲೆ ದನಿ ಇಳಿಯತೊಡಗಿತು. ಮೊದಮೊದಲು ನೆಗಡಿ ಎಂದುಕೊಂಡಳು. ಆಮೇಲೆ ಒಂದು ದಿನ ಕುಡಿಯುವ ನೀರಿನ ಕ್ಯಾನು ತರಿಸಲು ಅಂಗಡಿಗೆ ಫೋನ್ ಮಾಡಿದರೆ ಆ ಕಡೆಯವನು, "ಹೇಳಿ ಸಾರ್, ಎಷ್ಟು ಬೇಕು ಸಾರ್?" ಎಂದ. ಅವತ್ತೇ ಕೊನೆ. ಫೋನ್ ರಿಂಗಾದರೆ ಎತ್ತಿ ಗಂಡನ ಕೈಗೆ ಕೊಡುವಳು. ಗಂಡ ಕೈಗಡಿಯಾರ ರಿಪೇರಿಯವನು, ಮನೆಯ ಮುಂದಿನ ಕೋಣೆಯೇ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಫೋನ್ ಹಿಡಿದು, ಕೇಳಿಸದಿದ್ದರೂ ಎಲ್ಲದಕ್ಕೂ "ಆಯ್ತಾಯ್ತು" ಎಂದು ಇಟ್ಟುಬಿಡುತ್ತಿದ್ದ. ಒಂದು ಸಲ ಹೀಗೇ ಆಯ್ತಾಯ್ತು ಎಂದದ್ದಕ್ಕೆ ಮನೆಗೆ ಮೂರು ಚೀಲ ಈರುಳ್ಳಿ ಬಂದು ಇಳಿದಿತ್ತು.

ಮಗಳಿಗೆ ಈಗ ಎಂಟು ತಿಂಗಳ ಹೆಣ್ಣು ಕೂಸು. ಕೂಸು ಸೀನಿದರೆ ಆಸ್ಪತ್ರೆ, ಸೀನದಿದ್ದರೆ ಯಾಕೆ ಸೀನುತ್ತಿಲ್ಲ ಎಂದು ಮತ್ತೆ ಆಸ್ಪತ್ರೆ; ಅಪ್ಪ ಅವಳಿಗೆ ಗಾಬರಿ ರಾಣಿ ಎಂದೇ ಹೆಸರಿಟ್ಟಿದ್ದ. ಅಂಥವಳ ಕಿವಿಗೆ ಅಮ್ಮನ ಒಡೆದ ದನಿ ಬಿದ್ದ ಮೇಲೆ ಸುಮ್ಮನಿರುತ್ತಾಳೆಯೇ? ಮೊಬೈಲಿನಲ್ಲಿ ಹುಡುಕಿ, ಬರಬಾರದ ಕಾಯಿಲೆಗಳ ಹೆಸರನ್ನೆಲ್ಲ ಓದಿ, ಕೂಸನ್ನು ಸೊಂಟಕ್ಕೇರಿಸಿಕೊಂಡು ಕೌಂಟರಿಗೇ ಬಂದಳು.

"ಅಮ್ಮಾ, ಏಳು. ಗಂಟಲಿನ ಡಾಕ್ಟರ ಹತ್ರ ಟೋಕನ್ ತಗೊಂಡಿದೀನಿ."

"ನಂಗೇನಾಗಿದೆಯೇ? ನೀರು ಬದಲಾಗಿದೆ, ಅಷ್ಟೇ."

"ಮೂವತ್ತು ವರ್ಷದಿಂದ ಅದೇ ನಲ್ಲಿ ನೀರು ಕುಡೀತಿದೀಯ! ಬಾ ಅಂದ್ರೆ ಬಾ. ನೀನು ಬರ್ದೇ ಇದ್ರೆ ನಾನು ಇಲ್ಲೇ ಅಳ್ತೀನಿ, ನೋಡು. ನಾನು ಅತ್ರೆ ಇವಳೂ ಅಳ್ತಾಳೆ."

ಅವಳು ಅಳುವುದು ಬರೀ ಬೆದರಿಕೆಯಲ್ಲ ಎಂದು ಗೊತ್ತಿದ್ದ ಮೈಕಮ್ಮ ಎದ್ದು ಹೊರಟಳು.

ಡಾಕ್ಟರಮ್ಮನಿಗೂ ಇವಳದೇ ವಯಸ್ಸು. ಗಂಟಲೊಳಗೆ ಕನ್ನಡಿ ಇಳಿಸಿ, ದೀಪ ಹಾಕಿ, ಆ ಅನ್ನಿ, ಈ ಅನ್ನಿ ಎಂದೆಲ್ಲ ನೋಡಿ, ಕೈ ತೊಳೆದು ಬಂದರು. "ಏನೂ ಇಲ್ಲ. ಮುಟ್ಟು ನಿಂತ ಮೇಲೆ ಕೆಲವು ಹೆಂಗಸರಿಗೆ ಹೀಗಾಗುತ್ತೆ. ಗಂಟಲಿನ ತಂತು ದಪ್ಪ ಆಗುತ್ತೆ, ದನಿ ಕೆಳಗಿಳಿಯುತ್ತೆ. ಕಾಯಿಲೆ ಅಲ್ಲ."

"ಮತ್ತೆ ಮೇಲೆ ಬರುತ್ತಾ ಡಾಕ್ಟ್ರೇ?"

"ಇಲ್ಲ. ನೀರು ಚೆನ್ನಾಗಿ ಕುಡೀರಿ, ಕೂಗಾಡ್ಬೇಡಿ, ಗಂಟಲು ಕೆರ್ಕೊಳ್ಬೇಡಿ. ಮಾತಾಡೋದು ಮಾತ್ರ ನಿಲ್ಲಿಸ್ಬೇಡಿ, ನಿಲ್ಲಿಸಿದ್ರೇ ತೊಂದ್ರೆ. ನಂದೂ ಇಳಿದಿದೆ, ಕೇಳಿ ನೋಡಿ. ಇಳಿದ ಮೇಲೇ ಈ ಆಸ್ಪತ್ರೇಲಿ ಎಲ್ರೂ ನನ್ನ ಮಾತು ಕೇಳೋಕೆ ಶುರು ಮಾಡಿದ್ದು."

ಮಗಳು ಹೊರಗೆ ಬಂದು ಕೂಸಿನ ಕೆನ್ನೆಗೆಲ್ಲ ಮುತ್ತಿಟ್ಟಳು. ಮೈಕಮ್ಮನಿಗೆ ಮಾತ್ರ ಇದ್ದ ಒಂದು ಆಸೆಯೂ ಹೋಯಿತು. ಕಾಯಿಲೆಯಾಗಿದ್ದರೆ ವಾಸಿಯಾದೀತು ಎಂದಾದರೂ ಕಾಯಬಹುದಿತ್ತು. ಇದು ಕಾಯಿಲೆಯೇ ಅಲ್ಲವಂತೆ; ಇದು ಅವಳೇ ಅಂತೆ.

ಇಂಥ ಹೊತ್ತಿನಲ್ಲಿಯೇ ನಿಲ್ದಾಣದ ಸಾಹೇಬರು ಅವಳನ್ನು ಕರೆಸಿದರು. ನಿಲ್ದಾಣ ದೊಡ್ಡದಾಗಿತ್ತು. ಹತ್ತಕ್ಕೆ ಮುಗಿಯುತ್ತಿದ್ದ, ಬಸ್ಸು ನಿಲ್ಲುವ ಅಂಕಣಗಳು ಇನ್ನು ಹದಿನಾರರವರೆಗೆ. ಊರಾಚೆ ಹೊಸ ಆಸ್ಪತ್ರೆ, ಹೊಸ ಬಡಾವಣೆ, ಹೊಸ ಕೋರ್ಟು, ಎಲ್ಲದಕ್ಕೂ ಬಸ್ಸು.

"ನೋಡಿ ಮೈಕಮ್ಮ," ಎಂದರು ಸಾಹೇಬರು. "ಹೊಸ ಅಂಕಿ, ಹೊಸ ಹೆಸರು ನೀವು ಹೇಳಿಕೊಟ್ರೆ ಹಳೇದಕ್ಕೆ ಸೇರಿಸ್ಬಿಡ್ತೀವಿ. ನೀವು ಆಗಲ್ಲ ಅಂದ್ರೆ ಹಳೇದನ್ನೂ ತೆಗೆದು, ಪೂರ್ತಿ ಬೇರೆ ಯಾರದಾದ್ರೂ ದನಿ ಹಾಕ್ಬೇಕಾಗುತ್ತೆ. ಶನಿವಾರ ರೆಕಾರ್ಡಿಂಗಿನವನು ಬರ್ತಾನೆ. ನಾನು ನಾಳೆಯಿಂದ ಅಲ್ಲೀತನಕ ಹೆಡ್ಡಾಫೀಸಲ್ಲಿರ್ತೀನಿ, ಶುಕ್ರವಾರ ಸಂಜೆಯೊಳಗೆ ಒಂದು ಫೋನ್ ಮಾಡಿ ಹೇಳಿ, ಸಾಕು."

ಬಿಸಿ ತುಪ್ಪ ಗಂಟಲಲ್ಲಿ ನಿಂತ ಹಾಗಾಯಿತು ಅವಳಿಗೆ. ಆಗಲ್ಲ ಎಂದರೆ ತಲೆಯ ಮೇಲಿನ ಆ ಹುಡುಗಿಯನ್ನು ಅಳಿಸಿಬಿಡುತ್ತಾರೆ. ಆಗುತ್ತೆ ಎಂದರೆ ಈ ದನಿಯನ್ನು ಊರಿಗೇ ಕೇಳಿಸಬೇಕು.

"ಒಂದು ಮಾದರಿ ತಗೊಳ್ಳೋಣ್ವಾ, ಹೇಗೆ ಕೂತ್ಕೊಳ್ಳುತ್ತೆ ನೋಡೋಣ" ಎಂದು ಸಾಹೇಬರೇ ಮೈಕು ಮುಂದಿಟ್ಟರು. ಅವಳು ನೀರು ಕುಡಿದು, "ಹೊಸ ಆಸ್ಪತ್ರೆಗೆ ಹೋಗುವ ಬಸ್ಸು, ಹನ್ನೊಂದನೇ ಅಂಕಣದಿಂದ" ಎಂದಳು. ಸಾಹೇಬರು ಆ ತುಂಡನ್ನು ಯಂತ್ರಕ್ಕೆ ಸೇರಿಸಿಟ್ಟರು. ಸಂಜೆ ಜನ ಕರಗಿದ ಮೇಲೆ ಒಮ್ಮೆ ಕೇಳಿ, ತೆಗೆದಿಟ್ಟರಾಯಿತು ಎಂದುಕೊಂಡರು. ಸಂಜೆಗೆ ಅವರು ಹೆಡ್ಡಾಫೀಸಿನ ಗಡಿಬಿಡಿಯಲ್ಲಿ ಮರೆತೇಬಿಟ್ಟರು. ಮಾದರಿ ಯಾವುದು, ನಿಜ ಯಾವುದು ಎಂದು ಯಂತ್ರಕ್ಕೇನು ಗೊತ್ತು? ಮಾರನೆಯ ದಿನ ಹನ್ನೊಂದನೇ ಅಂಕಣಕ್ಕೆ ಮೊದಲ ಬಸ್ಸು ಬಂದು ನಿಂತಿತು. ಯಂತ್ರ ತನ್ನ ಪಾಡಿಗೆ ಹನ್ನೊಂದನ್ನು ಹುಡುಕಿ ಪೋಣಿಸಿಕೊಂಡಿತು.

"ಪ್ರಯಾಣಿಕರ ಗಮನಕ್ಕೆ. ಹಳೇ ಸೇತುವೆ, ಗಿರಣಿ ರಸ್ತೆ ಮಾರ್ಗವಾಗಿ..." ಎಂದು ಗೆಜ್ಜೆಯ ದನಿ ಶುರುವಾಯಿತು. ಆಮೇಲೆ ಇದ್ದಕ್ಕಿದ್ದ ಹಾಗೆ, ನೆಲಮಾಳಿಗೆಯಿಂದೆದ್ದು ಬಂದಂತೆ, "ಹೊಸ ಆಸ್ಪತ್ರೆಗೆ ಹೋಗುವ ಬಸ್ಸು, ಹನ್ನೊಂದನೇ ಅಂಕಣದಿಂದ..." ಕೊನೆಗೆ ಮತ್ತೆ ಗೆಜ್ಜೆ: "ಹೊರಡಲಿದೆ."

ಇಡೀ ನಿಲ್ದಾಣ ಘೊಳ್ಳೆಂದಿತು.

ನೆಲ ಗುಡಿಸುತ್ತಿದ್ದವಳು ಪೊರಕೆಯ ಮೇಲೆ ಭಾರ ಬಿಟ್ಟು ನಿಂತು ನಕ್ಕಳು. "ಇದೇನಕ್ಕಾ ಇದು! ಮೊಮ್ಮಗಳು ಹೇಳ್ತಿದ್ರೆ ಅಜ್ಜಿ ಮಧ್ಯ ಬಾಯಿ ಹಾಕ್ದಂಗಿದೆ!"

"ಸುಮ್ನಿರೇ, ಅಜ್ಜಿ ಅಲ್ಲ, ಅಜ್ಜ ಇರ್ಬೇಕು" ಎಂದ ಟೀ ಲೋಟ ಹಿಡಿದಿದ್ದ ಒಬ್ಬ ಡ್ರೈವರು. "ಮನೇಲಿ ಬೈದು ಕಳ್ಸಿದಾರೆ, ಇಲ್ಲಿ ಬಂದು ಮೈಕ್ ಹಿಡ್ಕೊಂಡಿದಾನೆ."

ಸ್ಪೀಕರಿನಲ್ಲಿ ಬಂದದ್ದು ಯಾರ ದನಿ ಎಂದು ಅವರಿಗೆ ಗುರುತು ಸಿಕ್ಕಿರಲಿಲ್ಲ. ಮೈಕಮ್ಮ ಕೌಂಟರಿನ ಕೆಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ಬಗ್ಗಿ, ಬಹಳ ಹೊತ್ತು ಹುಡುಕಿದಳು. ಆ ತುಂಡನ್ನು ತೆಗೆಸೋಣವೆಂದರೆ ಯಂತ್ರದ ಕೋಣೆಯ ಬೀಗದ ಕೈ ಸಾಹೇಬರ ಜೇಬಿನಲ್ಲಿ, ಸಾಹೇಬರು ಹೆಡ್ಡಾಫೀಸಿನಲ್ಲಿ. ಫೋನ್ ಮಾಡಬಹುದಿತ್ತು. ಮಾಡಿದರೆ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡಬೇಕಲ್ಲ. ಮಾಡಲಿಲ್ಲ. ಆಸ್ಪತ್ರೆಯ ಬಸ್ಸು ಹೊರಟಾಗಲೆಲ್ಲ ಅಜ್ಜಿ ಬಾಯಿ ಹಾಕುತ್ತಲೇ ಇದ್ದಳು, ಜನ ನಗುತ್ತಲೇ ಇದ್ದರು.

ನಗು ಮರುದಿನದ ಹೊತ್ತಿಗೆ ಹಳತಾಯಿತು. ಯಾವ ತಮಾಷೆಯೂ ಬಸ್ ನಿಲ್ದಾಣದಲ್ಲಿ ಎರಡು ದಿನ ಬಾಳುವುದಿಲ್ಲ.

ಅವತ್ತು ಮಧ್ಯಾಹ್ನ ಕೋಲೂರಿಕೊಂಡು ಒಬ್ಬ ಅಜ್ಜ ಕೌಂಟರಿಗೆ ಬಂದ. ಇಂಥವರು ದಿನಕ್ಕೆ ಎಷ್ಟೋ ಮಂದಿ ಬರುತ್ತಿದ್ದರು. ಪ್ರಕಟಣೆ ಮುಗಿದ ಮರುಗಳಿಗೆಯೇ ಗಾಜಿನ ಕಂಡಿಗೆ ಕಿವಿ ಕೊಟ್ಟು, "ಏನಂದ್ಲಮ್ಮಾ?" ಎಂದು ಕೇಳುವುದು ಅವರ ವಾಡಿಕೆ. ಗಮನ ಕೊಟ್ಟು ಕೇಳುವುದಿಲ್ಲ ಎಂದು ಅವಳಿಗೆ ಅವರ ಮೇಲೆ ಯಾವಾಗಲೂ ಸಣ್ಣ ಸಿಟ್ಟು.

"ಮಾರ್ಕೆಟ್ಟಿನ ಬಸ್ಸು ಎಲ್ಲಿ ನಿಲ್ಲುತ್ತೆ ತಾಯಿ?"

"ಈಗ ತಾನೇ ಹೇಳಿದ್ರಲ್ಲ ಅಜ್ಜಾ. ಏಳನೇ ಅಂಕಣ."

"ಯಾರಿಗೆ ಕೇಳ್ಸುತ್ತೆ ಅದು? ಬರೀ ಕೀಚ್ ಕೀಚ್ ಅನ್ನುತ್ತೆ. ನೆನ್ನೆ ಆಸ್ಪತ್ರೆಗೆ ಹೋಗಿದ್ದೆ ನೋಡು, ಹನ್ನೊಂದು ಅಂದಿದ್ದು ಸರಿಯಾಗಿ ಕೇಳ್ಸ್ತು. ಯಾರೋ ದೊಡ್ಡೋರು ಹೇಳಿದ್ರು. ನೆಟ್ಟಗೆ ಹೋಗಿ ಹತ್ಕೊಂಡೆ, ಯಾರನ್ನೂ ಕೇಳ್ಲಿಲ್ಲ."

ಮೈಕಮ್ಮನಿಗೆ ಮೈಯೆಲ್ಲ ಉರಿಯಿತು. ಕೀಚ್ ಕೀಚ್! ತನ್ನ ಬೆಳ್ಳಿ ಗೆಜ್ಜೆಗೆ ಕೀಚ್ ಕೀಚ್! "ಆ ದನಿಗೇನಾಗಿದೆ ಅಜ್ಜಾ? ಎಷ್ಟು ಚೆನ್ನಾಗಿದೆ!"

"ಚೆನ್ನಾಗಿರ್ಬೋದು ತಾಯಿ. ಕೇಳ್ಸಲ್ಲ, ಅಷ್ಟೇ."

ಅಜ್ಜ ಏಳನೇ ಅಂಕಣದ ಕಡೆ ಹೋದ. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಆಸ್ಪತ್ರೆಯ ಬಸ್ಸಿಗೆ ಹೋಗುವವರಲ್ಲಿ ಹೆಚ್ಚಿನವರು ವಯಸ್ಸಾದವರೇ. ಅವರಲ್ಲಿ ಯಾರಾದರೂ ಈ ಎರಡು ದಿನ ಕೌಂಟರಿಗೆ ಬಂದು ಏನಂದ್ಲಮ್ಮಾ ಎಂದು ಕೇಳಿದ್ದರೇ? ನೆನಪಿಗೆ ಒಬ್ಬರೂ ಬರಲಿಲ್ಲ. ಉಳಿದೆಲ್ಲ ಬಸ್ಸುಗಳಿಗೆ ಹೋಗುವವರು ಬಂದಿದ್ದರು.

ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚದೆ ಎದ್ದು ನಿಲ್ದಾಣದ ಆ ತುದಿಗೆ ನಡೆದಳು, ಕುಡಿಯುವ ನೀರಿನ ನಲ್ಲಿಯ ಹತ್ತಿರಕ್ಕೆ. ಇಷ್ಟು ವರ್ಷ ಗಾಜಿನ ಈಚೆಯೇ ಕೂತಿದ್ದವಳು, ಚೀಲಗಳ ನಡುವೆ, ಬಸ್ಸುಗಳ ಹೊಗೆಯಲ್ಲಿ, ಪ್ರಯಾಣಿಕಳ ಹಾಗೆ ನಿಂತದ್ದು ಅದೇ ಮೊದಲು. ಒಂದು ಬಸ್ಸು ಕಿರ್ರೆಂದು ಬ್ರೇಕು ಹಾಕಿತು. ಇನ್ನೊಂದರ ಕಂಡಕ್ಟರು ಸೀಟಿ ಊದಿದ. ಅದರ ಮಧ್ಯೆ ಗೆಜ್ಜೆಯ ದನಿ ಮೊದಲಾಯಿತು. ಸೀಟಿಯೂ ಅದೂ ಬ್ರೇಕೂ ಒಂದರಲ್ಲೊಂದು ಕಲಸಿಹೋದವು. ಮಾರ್ಗ ಯಾವುದು ಎಂದಿತು? ಅಂಕಣ ಏಳೋ, ಎಂಟೋ? ತಾನೇ ಹೇಳಿದ ಮಾತು, ಬಾಯಿಪಾಠ ಬರುವ ಮಾತು, ತನಗೇ ತಿಳಿಯಲಿಲ್ಲ. ಸ್ಪೀಕರು ಕೆಟ್ಟಿರಬೇಕು ಎಂದುಕೊಂಡು ಕತ್ತೆತ್ತಿ ನೋಡಿದಳು. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿ ಮೊಬೈಲಿನಿಂದ ತಲೆ ಎತ್ತದೆಯೇ, "ಎಂಟು, ಆಂಟಿ" ಎಂದಳು. ಹಾಗಾದರೆ ಸ್ಪೀಕರು ಕೆಟ್ಟಿರಲಿಲ್ಲ.

ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಬಸ್ಸು ಬಂತು. ಗೆಜ್ಜೆ ಎಂದಿನಂತೆ ಗದ್ದಲದಲ್ಲಿ ಮುಳುಗಿತು. ಆಮೇಲೆ, ಸೀಟಿಗೂ ಬ್ರೇಕಿಗೂ ಕೆಳಗೆ, ಅವು ಮುಟ್ಟದ ಜಾಗದಲ್ಲಿ, ‘ಹನ್ನೊಂದನೇ ಅಂಕಣದಿಂದ’ ಎಂಬುದು ನೆಲದ ಮೇಲೆ ಕಾಲೂರಿ ನಿಂತ ಹಾಗೆ ಬಂತು. ಬೆಂಚಿನ ಮೇಲಿದ್ದ ಒಬ್ಬ ಮುದುಕಿ ಗಂಡನ ತೋಳು ಹಿಡಿದು, "ಏಳಿ ಏಳಿ, ನಮ್ಮದೇ" ಎಂದು ಎಬ್ಬಿಸಿದಳು. ಯಾರೂ ನಗಲಿಲ್ಲ.

ಶುಕ್ರವಾರ ಸಂಜೆ ಮನೆಗೆ ಬಂದಾಗ ಗಂಡ ದೀಪದ ಕೆಳಗೆ ಒಂದು ಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಅವಳು ಚಪ್ಪಲಿ ಬಿಡುತ್ತಾ ಕೇಳಿದಳು: "ರೀ, ಒಂದು ಮಾತು ಕೇಳ್ತೀನಿ, ಸುಳ್ಳು ಹೇಳ್ಬಾರ್ದು. ನನ್ನ ಮಾತು ನಿಮಗೆ ಮೊದಲು ಕೇಳಿಸ್ತಿತ್ತಾ, ಈಗ ಕೇಳಿಸುತ್ತಾ?"

ಅವನು ಭೂತಗನ್ನಡಿ ತೆಗೆದ. "ಈ ಕಿವಿ ಮಂದ ಆಗಿ ಎಷ್ಟೋ ಕಾಲ ಆಯ್ತು ಕಣೇ. ಗಡಿಯಾರ ಓಡ್ತಿದೆಯಾ ಅಂತ ಕಿವಿಗೆ ಹಿಡಿಯೋದು ಬಿಟ್ಟು ಮುಳ್ಳು ನೋಡ್ತಾ ಕೂರ್ತೀನಿ, ನೀನು ನೋಡಿಲ್ವಾ? ನಿನ್ನ ಮಾತೂ ಅರ್ಧಕ್ಕರ್ಧ ಊಹೆ ಮೇಲೇ ನಡೀತಿತ್ತು."

"ಹೇಳೋದಲ್ವಾ?"

"ಈಗ ಪೂರ್ತಿ ಕೇಳಿಸುತ್ತೆ. ಅದೇ ಕಷ್ಟ ಆಗಿರೋದು."

ಅವಳು ಕೈಚೀಲ ಎತ್ತಿ ಅವನ ಬೆನ್ನಿಗೊಂದು ಕೊಟ್ಟಳು. ಅವತ್ತು ತವರಿಗೆ ಬಂದಿದ್ದ ಮಗಳು ಕೂಸಿಗೆ ತಿನ್ನಿಸುತ್ತಿದ್ದ ಬಟ್ಟಲು ಹಿಡಿದೇ ಒಳಗಿನಿಂದ ಬಂದಳು. "ಏನು ನಗು ಇಬ್ರದೂ? ಅಮ್ಮಾ, ಸಾಹೇಬ್ರಿಗೆ ಫೋನ್ ಮಾಡಿದ್ಯಾ? ಹೊಸದಷ್ಟೇ ಹೇಳ್ಕೊಡ್ತೀನಿ ಅಂತ ಹೇಳು, ಆಯ್ತಾ? ಹಳೇದು ಇರ್ಲಿ."

"ಹಳೇದೇ ಬೇಡ ಅಂತಿದೀನಿ ಕಣೇ. ಎಲ್ಲಾನೂ ಈ ದನೀಲೇ ಹೇಳೋಣ ಅಂತ."

ಮಗಳು ಚಮಚವನ್ನು ಬಟ್ಟಲಿಗೆ ಹಾಕಿದಳು. "ತೆಗೆಸ್ತೀಯಾ? ಆ ದನಿ ಹೋದ್ರೆ ನಾನು ಮೇಜಿನ ಕೆಳಗೆ ಕೂತು ಕೇಳ್ತಿದ್ದ ಅಮ್ಮನೇ ಹೋದಂಗೆ. ಬಸ್ ಸ್ಟ್ಯಾಂಡ್ ಮುಂದೆ ಹಾದು ಹೋಗೋವಾಗ ಒಂದ್ನಿಮಿಷ ನಿಂತ್ಕೊಳ್ತೀನಿ ನಾನು, ಗೊತ್ತಾ ನಿಂಗೆ?" ಅವಳ ಕಣ್ಣು ಆಗಲೇ ತುಂಬಿತ್ತು.

ಗೊತ್ತಿರಲಿಲ್ಲ. ಮೈಕಮ್ಮ ಮಗಳ ಮುಂಗುರುಳು ಸರಿಪಡಿಸಿದಳು. ತನಗೂ ಅದು ಇಷ್ಟವೇ. ತಲೆಯ ಮೇಲೆ ಇಷ್ಟು ವರ್ಷ ಇಟ್ಟುಕೊಂಡು ಸಾಕಿದ್ದಾಳೆ. ಆದರೆ ಅದನ್ನು ಕೇಳಿ ಸಂತೋಷಪಡುವವರು ತಾವಿಬ್ಬರೇ. ಕೇಳಿ ಬಸ್ಸು ಹತ್ತಬೇಕಾದವರು ಗಾಜಿನ ಕಂಡಿಗೆ ಕಿವಿ ಹಚ್ಚಿ ನಿಂತಿರುತ್ತಾರೆ.

"ನಾಳೆ ನೀನೇ ಬಾ, ಬೇಕಾದಷ್ಟು ಮೊಬೈಲಿಗೆ ತುಂಬ್ಕೋ" ಎಂದಳು. "ಅದು ನಿನ್ನ ಹತ್ರ ಇರ್ಲಿ. ಬಸ್ಸಿನ ಜನಕ್ಕೆ ಬೇಕಾಗಿರೋದು ಇದು."

"ಜನ ನಗ್ತಾರಮ್ಮ. ಆಡ್ಕೋತಾರೆ."

"ಆಡ್ಕೊಂಡಾಯ್ತು. ಒಂದು ದಿನ ನಕ್ರು."

"ಓದ್ತಾ ಓದ್ತಾ ಗಂಟಲು ಕಟ್ಕೊಂಡ್ರೆ? ಡಾಕ್ಟರು ಏನಂದಿದ್ರು?"

"ಮಾತಾಡೋದು ನಿಲ್ಲಿಸ್ಬೇಡಿ ಅಂದಿದ್ರು. ಕೂಸಿಗೆ ತಿನ್ಸು, ಹೋಗು. ಆರ್ತಾ ಇದೆ."

ಮಗಳು ಹೋಗಲಿಲ್ಲ. ಬಾಗಿಲಿಗೊರಗಿ, ಮೂಗು ಒರೆಸಿಕೊಳ್ಳುತ್ತಾ ನಿಂತಳು. ಗಂಡ ಎಂದಿನಂತೆ, ಫೋನ್ ತಾನೇ ಮಾಡಬೇಕಾದೀತು ಎಂದುಕೊಂಡು ಕೈ ಚಾಚಿದ. ಮೈಕಮ್ಮ ಕೊಡಲಿಲ್ಲ. ಲೋಟ ತುಂಬ ನೀರು ಕುಡಿದು, ಫ್ಯಾನು ಆರಿಸಿ, ಸಾಹೇಬರ ನಂಬರು ಒತ್ತಿದಳು. ಹೊರಗೆ ಕತ್ತಲಾಗುತ್ತಿತ್ತು. ಆ ಕಡೆ ರಿಂಗಾಗುತ್ತಲೇ ಇತ್ತು. ಇನ್ನು ಎತ್ತಲಾರರೇನೋ ಎನ್ನುವಾಗ ಎತ್ತಿದರು.

"ನಾನು ಸಾಹೇಬ್ರೇ, ಮೈಕಮ್ಮ. ನಾಳೆ ಬರ್ತೀನಿ. ಆದ್ರೆ ಬರೀ ಹೊಸದಲ್ಲ. ಒಂದನೇ ಅಂಕಣದಿಂದ ಹಿಡಿದು ಎಲ್ಲಾನೂ ಮತ್ತೆ ಓದ್ತೀನಿ." ಆ ಕಡೆಯಿಂದ ಏನೋ ಕೇಳಿದರು. ಅವಳು ಕಣ್ಣು ಮುಚ್ಚಿ ಆಲಿಸಿದಳು, ಆಮೇಲೆ ನಕ್ಕಳು, ಆ ನಗುವೂ ಕೆಳಗಿನಿಂದಲೇ ಬಂತು. "ಇಲ್ಲ, ಯೋಚನೆ ಮಾಡೇ ಹೇಳ್ತಿದೀನಿ. ಹಳೇದು ಚೆನ್ನಾಗೇ ಇದೆ ಸಾಹೇಬ್ರೇ, ನಾನೆಲ್ಲಿ ಇಲ್ಲ ಅಂದೆ? ಅರ್ಧ ಜನಕ್ಕೆ ಕೇಳಿಸಲ್ಲ, ಅದಕ್ಕೆ. ನಂಬಿಕೆ ಇಲ್ದಿದ್ರೆ ನಾಳೆ ನನ್ನ ಜೊತೆ ಆ ತುದೀಲಿರೋ ಕುಡಿಯೋ ನೀರಿನ ನಲ್ಲಿ ಹತ್ರ ಬಂದು ನಿಂತ್ಕೊಳ್ಳಿ, ಆಮೇಲೆ ಶುರು ಮಾಡೋಣ."